ದೈತ್ಯ ರೋಬೋಟಿಗಾಗಿಯೇ ಕೊಳ್ಳುವುದಾದರೆ: ಮೆಟಲ್ ಗೇರ್ ಸಾಲಿಡ್ ಮಾಸ್ಟರ್ ಕಲೆಕ್ಷನ್ ವಾಲ್ಯೂಮ್ 1

ಮೆಟಲ್ ಗೇರ್ ವಿಡಿಯೊ ಗೇಮ್ ಸರಣಿಗೆ ಹೆಸರು ಬಂದದ್ದೇ ಅದರ ಬಾಸ್‌ನಿಂದ, ಅಂದರೆ ಎದುರಿಸಬೇಕಾದ ದೊಡ್ಡ ಶತ್ರುವಿನಿಂದ. ಅಣ್ವಸ್ತ್ರ ಹೊತ್ತು ಕಾಡು, ಗುಡ್ಡ ನೋಡದೆ ನಡೆದುಹೋಗಿ ಎಲ್ಲಿಂದ ಬೇಕಾದರೂ ಉಡಾಯಿಸಬಲ್ಲ ಯಂತ್ರ ಅದು. ಅದನ್ನು ಒಬ್ಬನೇ ಮನುಷ್ಯ ಕದ್ದುಮುಚ್ಚಿ ಒಳಗೆ ಹೋಗಿ ಒಡೆಯಬೇಕು. ಆಟದಿಂದ ಆಟಕ್ಕೆ ಯಂತ್ರದ ಮಾದರಿ ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಕೆಲಸ ಮಾತ್ರ ಅದೇ.

ಕೊನಾಮಿ 2023ರ ಅಕ್ಟೋಬರ್ 24ರಂದು ಬಿಡುಗಡೆ ಮಾಡಿದ ಮಾಸ್ಟರ್ ಕಲೆಕ್ಷನ್‌ನ ಮೊದಲ ಸಂಪುಟದಲ್ಲಿ ಮುಖ್ಯವಾಗಿ ಐದು ಆಟ ಉಂಟು. ಎಂಎಸ್‌ಎಕ್ಸ್2 ಕಂಪ್ಯೂಟರಿಗೆ ಬಂದಿದ್ದ ಮೆಟಲ್ ಗೇರ್ (1987), ಮೆಟಲ್ ಗೇರ್ 2 (1990), ಮೊದಲ ಪ್ಲೇಸ್ಟೇಷನ್‌ನ ಮೆಟಲ್ ಗೇರ್ ಸಾಲಿಡ್ (1998, ಮುಂದೆ ಬರೀ ಸಾಲಿಡ್), ಪಿಎಸ್2ರ ಸಾಲಿಡ್ 2 (2001) ಮತ್ತು ಸಾಲಿಡ್ 3 (2004). ನಿಂಟೆಂಡೊದ ಹಳೆ ಕನ್ಸೋಲ್ ಎನ್‌ಇಎಸ್‌ನ ಎರಡು ಆಟಗಳನ್ನೂ ಸೇರಿಸಿದ್ದಾರೆ, ಆದರೆ ಅವು ಬರೀ ಲೆಕ್ಕ ಭರ್ತಿಗೆ. ಎನ್‌ಇಎಸ್‌ನ ಮೆಟಲ್ ಗೇರ್‌ನಲ್ಲಂತೂ ಮೆಟಲ್ ಗೇರೇ ಇಲ್ಲ! ಕೊನೆಯಲ್ಲಿ ಒಂದು ಸೂಪರ್ ಕಂಪ್ಯೂಟರ್ ಒಡೆದು ಮನೆಗೆ ಹೋಗಬೇಕು. ರೋಬೋಟ್ ನೋಡಲು ಬಂದವರು ಅದನ್ನು ತೆರೆಯುವುದೇ ಬೇಡ.

ಈ ಕಲೆಕ್ಷನ್ ಬಗ್ಗೆ ಬರೆದವರೆಲ್ಲ ರೆಸಲ್ಯೂಷನ್ ಎಷ್ಟು, ಫ್ರೇಮ್ ಎಷ್ಟು ಎಂದೇ ಅಳೆದದ್ದು. ಅದೂ ಬೇಕು, ಮುಂದೆ ಹೇಳುತ್ತೇವೆ. ಇಲ್ಲಿ ನೋಡಿದ್ದು ಮುಖ್ಯವಾಗಿ ಒಂದೇ ವಿಷಯ: ರೋಬೋಟಿನ ಎದುರು ನಿಂತಾಗ ಈ ಹಳೆ ಆಟಗಳು ಇವತ್ತಿನ ಕಂಟ್ರೋಲರ್‌ನಲ್ಲಿ, ಇವತ್ತಿನ ಟಿವಿಯಲ್ಲಿ ಆಡಲಿಕ್ಕೆ ಆಗುತ್ತದಾ? ಕಥೆಯ ಗುಟ್ಟು ಅಲ್ಲಲ್ಲಿ ಬಿಡಿಸಬೇಕಾಗುತ್ತದೆ. ಹೊಸತಾಗಿ ಆಡುವವರು ಕೊನೆಯ ಮೂರ್ನಾಲ್ಕು ಪ್ಯಾರಾ ಮಾತ್ರ ಓದಿದರೂ ಸಾಕು.

ಮೊದಲ ಆಟದ ಟಿಎಕ್ಸ್-55 ಅಲ್ಲಾಡುವುದೇ ಇಲ್ಲ. ಇನ್ನೂ ಚಾಲೂ ಆಗದ ಯಂತ್ರ ಅದು, ಸುಮ್ಮನೆ ನಿಂತಿರುತ್ತದೆ. ಹೊಡೆಯುವುದು ಆ ಕೋಣೆಯ ಕ್ಯಾಮೆರಾಗಳ ಲೇಸರ್. ಮಾಡಬೇಕಾದ್ದು ಎರಡು ಕಾಲುಗಳ ಬುಡದಲ್ಲಿ ಪ್ಲಾಸ್ಟಿಕ್ ಸ್ಫೋಟಕ ಇಡುವುದು, ಒಟ್ಟು 16, ಅದೂ ಹೇಳಿದ ಕ್ರಮದಲ್ಲೇ: ಬಲ, ಬಲ, ಎಡ, ಬಲ, ಎಡ, ಎಡ, ಬಲ, ಎಡ, ಎಡ, ಬಲ, ಬಲ, ಎಡ, ಬಲ, ಎಡ, ಬಲ, ಬಲ. ಕ್ರಮ ತಪ್ಪಿದರೆ ಲೆಕ್ಕ ಮತ್ತೆ ಮೊದಲಿನಿಂದ. ಹಾಗಾಗಿ 16 ಮಾತ್ರ ಹಿಡಿದುಕೊಂಡು ಹೋದವರು ಒಂದು ತಪ್ಪಿಗೆ ಸಿಕ್ಕಿಬೀಳುತ್ತಾರೆ, ಕೈಯಲ್ಲಿ ನಾಲ್ಕಾರು ಹೆಚ್ಚೇ ಇರಲಿ. ಹೆಚ್ಚು ಹೊರಬೇಕಾದರೆ ರ್‍ಯಾಂಕ್ ಏರಿರಬೇಕು. ರ್‍ಯಾಂಕ್ ಏರುವುದು ಒತ್ತೆಯಾಳುಗಳನ್ನು ಬಿಡಿಸಿದರೆ, ಐದು ಜನರಿಗೆ ಒಂದು ನಕ್ಷತ್ರ. ಕೈತಪ್ಪಿ ಒಬ್ಬನನ್ನು ಕೊಂದರೆ ರ್‍ಯಾಂಕ್ ಇಳಿಯುತ್ತದೆ. ಈ ಕ್ರಮವನ್ನು ಆಟದೊಳಗೆ ಹೇಳುವುದು ಯಂತ್ರವನ್ನು ಕಟ್ಟಿದ ಡಾಕ್ಟರ್ ಮ್ಯಾಡ್ನರ್. ಅವನ ಮಗಳು ಎಲೆನ್‌ಳನ್ನು ಮೊದಲು ಬಿಡಿಸದಿದ್ದರೆ ಅವನು ಬಾಯಿ ಬಿಡುವುದಿಲ್ಲ. ಕಾಗದದ ಮೇಲೆ ಬರೆದಿಟ್ಟುಕೊಂಡು ಆಡುವ ಬಾಸ್ ಇದು. ಒಂದು ಹೆಜ್ಜೆಯೂ ಇಡದ ರೋಬೋಟ್ ಕೈ ಬೆವರಿಸುತ್ತದೆ ಎಂದರೆ ಅದರ ಪೂರ್ತಿ ಶ್ರೇಯ ಆ ಎಣಿಕೆಗೆ.

1990ರ ಆಟದಲ್ಲಿ ಮೆಟಲ್ ಗೇರ್ ಡಿ ನಡೆಯುತ್ತದೆ, ಗುಂಡು ಹಾರಿಸುತ್ತದೆ. ಅದಕ್ಕೆ ಮದ್ದು ಗ್ರೆನೇಡ್, ಗುರಿ ಕಾಲು. ಗ್ರೆನೇಡ್ ಎಸೆದ ಕೂಡಲೇ ಸಿಡಿಯುವುದಿಲ್ಲ, ಅಷ್ಟರಲ್ಲಿ ಯಂತ್ರ ಜಾಗ ಬಿಟ್ಟಿರುತ್ತದೆ. ಅದು ಈಗ ನಿಂತ ಜಾಗಕ್ಕಲ್ಲ, ಮುಂದೆ ಕಾಲಿಡುವ ಜಾಗಕ್ಕೆ ಎಸೆಯಬೇಕು. ಗ್ರೆನೇಡ್ ಖಾಲಿಯಾದ ಮೇಲೆ ಅಲ್ಲಿ ಬೇರೆ ದಾರಿಯೇ ಇಲ್ಲ ಅಂತಲೇ ಇಟ್ಟುಕೊಳ್ಳಿ, ಒಳಹೋಗುವ ಮೊದಲು ಪೂರ್ತಿ ತುಂಬಿಸಿಕೊಳ್ಳಿ. ಇದು ಮುಗಿದ ಮೇಲೆ ಗ್ರೇ ಫಾಕ್ಸ್ ಜೊತೆ ನೆಲಬಾಂಬುಗಳ ನಡುವೆ ಬರಿಗೈ ಜಗಳ, ಆಮೇಲೆ ಶತ್ರುಗಳ ನಾಯಕ ಬಿಗ್ ಬಾಸ್ ಮೇಲೆ ಲೈಟರ್ ಮತ್ತು ಲ್ಯಾಕರ್ ಸ್ಪ್ರೇಯಿಂದ ಬೆಂಕಿ. ಆ ಎರಡರ ಮುಂದೆ ರೋಬೋಟ್ ಸಪ್ಪೆ. ಇದೇ ಆಟದ ಇನ್ನೊಂದು ಕಿರಿಕಿರಿ ಹೇಳಿಬಿಡಬೇಕು. ನಕಲು ತಡೆಯಲಿಕ್ಕೆಂದು ಕೆಲವು ರೇಡಿಯೊ ಫ್ರೀಕ್ವೆನ್ಸಿಗಳನ್ನು ಅಂದಿನ ಮುದ್ರಿತ ಕೈಪಿಡಿಯಲ್ಲಿ ಮಾತ್ರ ಕೊಟ್ಟಿದ್ದರು, ಗೋಡೆ ತಟ್ಟುವ ಸಂಕೇತವನ್ನೂ ಹಾಗೆಯೇ. ಕಲೆಕ್ಷನ್‌ನಲ್ಲಿ ಕೈಪಿಡಿಯ ಪುಟಗಳು ಉಂಟು. ಆಟದೊಳಗೆ ದಾರಿ ತೋಚದೆ ನಿಂತಾಗ ಯೂಟ್ಯೂಬ್ ತೆರೆಯುವ ಮೊದಲು ಅಲ್ಲಿ ನೋಡಿ.

ಇನ್ನು ಸಾಲಿಡ್‌ನ ಯಂತ್ರ, ರೆಕ್ಸ್. ಈ ಸಂಪುಟಕ್ಕೆ ದುಡ್ಡು ಕೊಡುವುದಾದರೆ ಅದು ಇದಕ್ಕೇ.

ನಮ್ಮ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷವನ್ನು ತೆರೆಯ ಹಿಂದೆ ನಿಲ್ಲಿಸಿ, ಮೊದಲು ಅಬ್ಬರ ಕೇಳಿಸಿ, ಆಮೇಲೆ ಕಿರೀಟದ ತುದಿ, ಆಮೇಲೆ ಮುಖ, ಕೊನೆಗೆ ಪೂರ್ತಿ ವೇಷ ತೋರಿಸುವ ಕ್ರಮ ಉಂಟಲ್ಲ, 1998ರ ಸಾಲಿಡ್ ರೆಕ್ಸನ್ನು ರಂಗಕ್ಕೆ ತರುವುದು ಅದೇ ರೀತಿ. ಆಟದ ಮುಕ್ಕಾಲು ಭಾಗ ಬರೀ ಅದರ ಬಗ್ಗೆ ಮಾತು. ಆಮೇಲೆ ಗೋದಾಮಿನಲ್ಲಿ ನಿಂತ ಯಂತ್ರದ ಮೈ ಹತ್ತಿ ಹೋಗುವ ದಾರಿ. ಆಮೇಲೆ ಕೀಲಿಯ ಕೆಲಸ: ಒಂದೇ ಪ್ಯಾಲ್ ಕೀಲಿ, ಅದನ್ನು ಮೂರು ತಾಪಮಾನದಲ್ಲಿ ಹಾಕಬೇಕು. ಮೊದಲು ಇದ್ದ ಹಾಗೆ, ಎರಡನೆಯದಕ್ಕೆ ಶೀತ ಗೋದಾಮಿಗೆ ಕೊಂಡುಹೋಗಿ ತಣ್ಣಗೆ ಮಾಡಿ, ಮೂರನೆಯದಕ್ಕೆ ಕುಲುಮೆಯ ಹತ್ತಿರ ಬಿಸಿ ಮಾಡಿ. ತಣ್ಣಗಾದದ್ದು ನೀಲಿ, ಬಿಸಿಯಾದದ್ದು ಕೆಂಪು. ಬಿಸಿ ಮಾಡಿ ತರುವಾಗ ದಾರಿಯಲ್ಲಿ ಶೀತ ಜಾಗದಲ್ಲಿ ತುಂಬ ಹೊತ್ತು ನಿಂತರೆ ಕೀಲಿ ಮತ್ತೆ ಹಳೆ ಸ್ಥಿತಿಗೆ ಬರುತ್ತದೆ. ಓಡಾಟ ಬೇಸರ ತರಿಸುತ್ತದೆ, ಸುಳ್ಳಲ್ಲ. ಆದರೆ ಆ ಬೇಸರದ ನಂತರವೇ ರೆಕ್ಸ್ ಎದ್ದು ನಿಲ್ಲುವುದು.

ಹೋರಾಟದ ಸೂತ್ರ ಹೀಗೆ. ರೆಕ್ಸ್‌ನ ಬಲ ಭುಜದಲ್ಲಿ ರೈಲ್ ಗನ್, ಎಡ ಭುಜದಲ್ಲಿ ತಟ್ಟೆಯಂಥ ರೇಡೋಮ್, ಅಂದರೆ ರಾಡಾರ್‌ನ ಗೂಡು. ಎದುರಿಗೆ ನಿಂತಾಗ ರೇಡೋಮ್ ನಮಗೆ ಬಲಗಡೆ ಕಾಣುತ್ತದೆ, ಹೊಸಬರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಮೊದಲ ಹಂತದಲ್ಲಿ ಸ್ಟಿಂಗರ್ (ಹೆಗಲ ಮೇಲಿಟ್ಟು ಹಾರಿಸುವ ಮಿಸೈಲ್) ಬೀಳಬೇಕಾದ್ದು ಆ ರೇಡೋಮ್‌ಗೆ. ಉಳಿದ ಕವಚಕ್ಕೆ ಹೊಡೆದರೆ ಮಿಸೈಲ್ ದಂಡ. ದೂರ ನಿಂತರೆ ಅದು ಮಿಸೈಲ್ ಬಿಡುತ್ತದೆ, ಹತ್ತಿರ ಹೋದರೆ ಹೊಟ್ಟೆಯಡಿಯ ಲೇಸರ್, ಕಾಲ ಬುಡಕ್ಕೇ ಹೋದರೆ ತುಳಿತ. ಮೂರರಲ್ಲಿ ಸುಲಭಕ್ಕೆ ತಪ್ಪಿಸಿಕೊಳ್ಳಬಹುದಾದದ್ದು ಮಿಸೈಲ್. ಹಾಗಾಗಿ ಗೋಡೆಯ ಕಡೆ ದೂರ ಇರುವುದೇ ಜಾಣತನ. ಚಾಫ್ ಗ್ರೆನೇಡ್ ಎಸೆದರೆ ಮಿಸೈಲಿಗೆ ಗುರಿ ತಪ್ಪುತ್ತದೆ, ಒಂದೆರಡು ಸ್ಟಿಂಗರ್ ಹೊಡೆಯಲು ಬಿಡುವು ಸಿಗುತ್ತದೆ.

ಸಮಸ್ಯೆ ಏನೆಂದರೆ ಸ್ಟಿಂಗರ್ ಹಿಡಿದ ಕೂಡಲೇ ಆಟ ದುರ್ಬೀನಿನ ನೋಟಕ್ಕೆ ಹೋಗುತ್ತದೆ, ನಡೆಯಲಿಕ್ಕಾಗುವುದಿಲ್ಲ. ಸಾಯುವವರೆಲ್ಲ ಸಾಯುವುದು ಹೀಗೆ, ಗುರಿ ಹಿಡಿಯುತ್ತಾ ನಿಂತು. ಇಲ್ಲಿ ಉಪಯೋಗಕ್ಕೆ ಬರುವುದು ಆರ್1 ಬಟನ್. ಒಮ್ಮೆ ತಟ್ಟಿದರೆ ಸ್ಟಿಂಗರ್ ಒಳಗೆ, ಮತ್ತೊಮ್ಮೆ ತಟ್ಟಿದರೆ ಹೊರಗೆ. ಓಡು, ನಿಲ್ಲು, ಆರ್1, ಗುರಿ, ಒಂದು ಮಿಸೈಲ್, ಆರ್1, ಓಡು. ಎರಡನೇ ಮಿಸೈಲಿಗೆ ಆಸೆಪಟ್ಟು ನಿಂತಿರೋ, ಮುಗಿಯಿತು. ಆರ್2 ಹಿಡಿದು ಆಯುಧದ ಪಟ್ಟಿ ಹುಡುಕುತ್ತಾ ಕೂತರೆ ಲಯ ತಪ್ಪುತ್ತದೆ. ಇನ್ನೊಂದು ಕೈಯಲ್ಲಿ ರೇಷನ್ ಹಿಡಿದೇ ಇರಲಿ, ಜೀವ ಸೊನ್ನೆಯಾದಾಗ ಅದು ತಾನಾಗಿ ಖರ್ಚಾಗಿ ನಾವು ಆಡಿಸುವ ನಾಯಕ ಸ್ನೇಕ್ ಉಳಿಯುತ್ತಾನೆ. ರೇಷನ್ ಚೀಲದಲ್ಲಿದ್ದು ಕೈಯಲ್ಲಿಲ್ಲದಿದ್ದರೆ ಪ್ರಯೋಜನ ಇಲ್ಲ. ಮಿಸೈಲ್ ಮುಗಿದರೆ ಗಾಬರಿ ಬೇಡ, ಅಂಗಳದ ಸುತ್ತ ಮತ್ತೆ ಮತ್ತೆ ಸಿಗುತ್ತದೆ.

ರೇಡೋಮ್ ಹೋದ ಮೇಲೆ ಏನಾಗುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ, ಸರಣಿಯ ಅತ್ಯಂತ ಒಳ್ಳೆಯ ನಿಮಿಷಗಳು ಅವು. ಎರಡನೇ ಹಂತದಲ್ಲಿ ಒಳಗೆ ಕೂತವನು ಹೊರಗಿನದನ್ನು ಕಾಣಬೇಕಾದರೆ ಕಾಕ್‌ಪಿಟ್ ತೆರೆಯಬೇಕು, ತೆರೆದಿರುವ ಆ ಬಾಯಿಯೇ ಈಗ ಗುರಿ. ಇಲ್ಲಿ ರೆಕ್ಸ್ ಮೊದಲಿಗಿಂತ ಮೇಲೆ ಬಿದ್ದು ಬರುತ್ತದೆ, ದೂರ ಉಳಿಸಿಕೊಳ್ಳುವುದು ಕಷ್ಟ. ಆಮೇಲೆ ಯಂತ್ರದ ಬೆನ್ನ ಮೇಲೆ ಮೂರು ನಿಮಿಷದ ಗಡುವಿನ ಮುಷ್ಟಿಯುದ್ಧ. ಅಲ್ಲಿ ಸ್ಟಿಂಗರ್ ಇಲ್ಲ, ಏನೂ ಇಲ್ಲ.

ಈ ಆವೃತ್ತಿಯಲ್ಲಿ ರೆಕ್ಸ್ ಹೇಗೆ ಕಾಣುತ್ತದೆ? 1998ರಲ್ಲಿ ಹೇಗಿತ್ತೋ ಹಾಗೆ. ನಾಲ್ಕಕ್ಕೆ ಮೂರರ ಚೌಕ, ಎರಡು ಬದಿಯಲ್ಲಿ ವಾಲ್‌ಪೇಪರ್. ಚಿತ್ರವನ್ನು ದೊಡ್ಡದು ಮಾಡಿದ್ದಾರೆಯೇ ಹೊರತು ತಿದ್ದಿಲ್ಲ. ದೂರದಿಂದ ರೇಡೋಮ್ ನೋಡಿದರೆ ಬೂದು ಬಣ್ಣದ ನಾಲ್ಕೈದು ಚುಕ್ಕೆ, ಯಂತ್ರ ತಲೆ ಆಡಿಸಿದಾಗ ಅಂಚುಗಳು ಗರಗಸದ ಹಾಗೆ ಕದಲುತ್ತವೆ. 55 ಇಂಚಿನ ಟಿವಿಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಚಿತ್ರದ ಗಾತ್ರ ತಗ್ಗಿಸುವ ಆಯ್ಕೆ ಉಂಟು, ಒಂದು ಹಂತ ತಗ್ಗಿಸಿದರೆ ಗುರಿ ಹಿಡಿಯಲು ಸುಲಭ. ಟಿವಿಯಲ್ಲಿ ಗೇಮ್ ಮೋಡ್ ಹಾಕಿಕೊಳ್ಳುವುದು ಅದಕ್ಕಿಂತ ಮುಖ್ಯ. ಒತ್ತಿದ್ದು ತಡವಾಗಿ ತಲುಪಿದರೆ ಆ ಆರ್1 ಲಯ ಕೂಡಿಬರುವುದೇ ಇಲ್ಲ, ಬಯ್ಯುವುದು ಮಾತ್ರ ಆಟಕ್ಕೆ.

ಕರಾವಳಿಯವರಿಗೆ ಒಂದು ಮಾತು. ಸಾಲಿಡ್‌ನಲ್ಲಿ ಸೇವ್ ಮಾಡುವುದು ಕೋಡೆಕ್‌ನಲ್ಲಿ (ಆಟದೊಳಗಿನ ರೇಡಿಯೊ) 140.96ಕ್ಕೆ ಕರೆ ಮಾಡಿ. ಮಧ್ಯೆ ಸತ್ತರೆ ಕಂಟಿನ್ಯೂ ಸಿಗುತ್ತದೆ, ಆದರೆ ಕರೆಂಟ್ ಹೋದರೆ ಕೊನೆಯ ಸೇವ್‌ಗೇ ವಾಪಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ ಕಡೆ ಗಾಳಿ ಎದ್ದ ಸಂಜೆ ಕರೆಂಟ್ ಹೋಗುವುದು ಹೊಸತೇನಲ್ಲ. ಮೂರನೇ ಬಾರಿ ಕೀಲಿ ಹಾಕುವ ಮೊದಲು ಕಡ್ಡಾಯ ಸೇವ್ ಮಾಡಿ, ಇಲ್ಲದಿದ್ದರೆ ಕುಲುಮೆಗೆ ಮತ್ತೆ ಪ್ರಯಾಣ. ಮನೆಯಲ್ಲಿ ಇನ್ವರ್ಟರ್ ಉಂಟು ಎಂದು ಧೈರ್ಯ ಮಾಡಬೇಡಿ. ಅದು ಸಾಮಾನ್ಯ ಮೋಡ್‌ನಲ್ಲಿದ್ದರೆ ಬದಲಾಗುವ ಕ್ಷಣದಲ್ಲೇ ಕನ್ಸೋಲ್ ಆಫ್ ಆಗಬಹುದು, ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ರೆಸ್ಟ್ ಮೋಡ್‌ನಲ್ಲಿ ಬಿಟ್ಟದ್ದೂ ಕರೆಂಟ್ ಹೋದರೆ ಉಳಿಯುವುದಿಲ್ಲ.

ಸಾಲಿಡ್ 2ರ ರೇ, ರೆಕ್ಸ್‌ನಂಥ ಯಂತ್ರಗಳನ್ನೇ ಹೊಡೆಯಲು ಕಟ್ಟಿದ ಯಂತ್ರ, ನೀರಿನಲ್ಲಿ ಈಜುವ ಜಾತಿ. ಮೊದಲ ಭೇಟಿ ಹಡಗಿನ ಹೊಟ್ಟೆಯಲ್ಲಿ, ಕೈಯಲ್ಲಿ ಆಯುಧದ ಬದಲು ಕ್ಯಾಮೆರಾ. ನಾಲ್ಕು ಫೋಟೊ ಬೇಕು: ನೇರ ಎದುರಿನಿಂದ, ಎದುರಿನ ಎಡದಿಂದ, ಎದುರಿನ ಬಲದಿಂದ, ಮತ್ತೆ ಮೈಮೇಲೆ ಮರೀನ್ಸ್ ಎಂದು ಬರೆದ ಅಕ್ಷರಗಳದ್ದು. ನಾಲ್ಕನೆಯದೇ ಎಲ್ಲರಿಗೂ ತಪ್ಪುವುದು. ಅಕ್ಷರ ಪೂರ್ತಿ ಚೌಕಟ್ಟಿನಲ್ಲಿ ಬರಬೇಕು, ಅರ್ಧ ಬಂದರೆ ಒಪ್ಪುವುದಿಲ್ಲ. ಅಧಿಕಾರಿಯ ಭಾಷಣ ಮುಗಿಯುವುದರೊಳಗೆ ಕಳಿಸಬೇಕು, ಸೈನಿಕರ ಕಣ್ಣಿಗೂ ಬೀಳಬಾರದು. ಗುಂಡು ಹಾರಿಸದೆ ರೋಬೋಟಿನ ಗಾತ್ರವನ್ನು ಮನಸ್ಸಿಗೆ ತರುವ ಈ ಉಪಾಯ ಬಹಳ ಒಳ್ಳೆಯದು.

ಆದರೆ ಕೊನೆಯ ಹೋರಾಟದಲ್ಲಿ ಅದೇ ರೇಗಳನ್ನು ಸಾಲಾಗಿ ಕಳಿಸಿ ಬೆಲೆ ಇಳಿಸಿಬಿಟ್ಟಿದ್ದಾರೆ. ಎಷ್ಟು ಎಂಬುದು ಆರಿಸಿದ ಕಷ್ಟದ ಮಟ್ಟದ ಮೇಲೆ, ಯೂರೋಪಿಯನ್ ಎಕ್ಸ್‌ಟ್ರೀಮ್‌ನಲ್ಲಿ 20. ಸೂತ್ರ ಒಂದೇ: ಮೊಣಕಾಲಿಗೆ ಸ್ಟಿಂಗರ್, ಅದು ತತ್ತರಿಸಿ ಬಾಯಿ ತೆರೆದಾಗ ಬಾಯಿಗೆ ಸ್ಟಿಂಗರ್. ಎದುರಿನದಕ್ಕೆ ಗುರಿ ಹಿಡಿದಿರುವಾಗ ಹಿಂದಿನಿಂದ ಇನ್ನೊಂದರ ಮಿಸೈಲ್ ಬರುತ್ತದೆ, ಅದೇ ಇಲ್ಲಿಯ ಪೂರ್ತಿ ಕಷ್ಟ. ಕೆಲವು ಆದ ಮೇಲೆ ಭಯ ಹೋಗಿ ಬರೀ ಕೆಲಸ ಉಳಿಯುತ್ತದೆ. ರೆಕ್ಸ್ ಒಂದೇ ಇತ್ತು, ಸಾಕಿತ್ತಲ್ಲ ಮಾರಾಯ್ರೆ. ನಾರ್ಮಲ್‌ಗಿಂತ ಮೇಲೆ ಹೋಗುವ ಅಗತ್ಯ ಮೊದಲ ಬಾರಿಗೆ ಯಾರಿಗೂ ಇಲ್ಲ.

ಸಾಲಿಡ್ 3ರ ಕಥೆ ನಡೆಯುವುದು 1964ರಲ್ಲಿ, ಮೆಟಲ್ ಗೇರ್ ಎಂಬುದು ಆಗ ಇನ್ನೂ ನಕ್ಷೆ ಮಾತ್ರ. ಆ ನಕ್ಷೆ ಗ್ರಾನಿನ್ ಎಂಬ ವಿಜ್ಞಾನಿಯ ಮೇಜಿನ ಮೇಲೆ ಉಂಟು, ಕಾಲಾಳು ಸೈನ್ಯವನ್ನೂ ಫಿರಂಗಿಯನ್ನೂ ಜೋಡಿಸುವ ಗೇರು ಎಂದು ಕುಡಿದ ಅಮಲಿನಲ್ಲಿ ವಿವರಿಸುತ್ತಾನೆ. ಆದರೆ ಎದುರಿಗೆ ಬರುವುದು ಅವನ ಪ್ರತಿಸ್ಪರ್ಧಿ ಸೊಕೊಲೊವ್ ಕಟ್ಟಿದ ಶಾಗೋಹಾಡ್. ಅದಕ್ಕೆ ಕಾಲಿಲ್ಲ. ಮುಂದೆ ಎರಡು ದೊಡ್ಡ ಸ್ಕ್ರೂ, ಅವು ತಿರುಗಿದ ಹಾಗೆ ನೆಲ ಕೊರೆದುಕೊಂಡು ಓಡುವ ಟ್ಯಾಂಕ್, ಹಿಂದೆ ರಾಕೆಟ್. ಓಡಿ ವೇಗ ತೆಗೆದುಕೊಂಡು ಕ್ಷಿಪಣಿ ಬಿಟ್ಟರೆ ಅದು ಇನ್ನೂ ದೂರ ಹೋಗುತ್ತದೆ ಎಂಬುದು ಲೆಕ್ಕ.

ಇದನ್ನು ಒಂದೇ ಬಾಸ್ ಎನ್ನುವುದಕ್ಕಿಂತ ಒಂದು ಸಂಜೆಯ ಕೆಲಸ ಎನ್ನಬೇಕು. ಇಂಧನದ ನಾಲ್ಕು ಟ್ಯಾಂಕಿಗೆ ಸಿ3 ಸ್ಫೋಟಕ ಅಂಟಿಸುವುದರಿಂದ ಶುರು. ಆಮೇಲೆ ಸ್ನೇಕ್‌ನ ಜೊತೆಗಾತಿ ಈವಾ ಓಡಿಸುವ ಬೈಕಿನ ಸೈಡ್‌ಕಾರ್‌ನಲ್ಲಿ ಕೂತು ಓಟ, ಸೇತುವೆಯ ಬುಡದ ಸಿ3ಗೆ ಎಸ್‌ವಿಡಿ ಬಂದೂಕಿನಿಂದ ಗುರಿ, ಅದಾದ ಮೇಲೂ ಸಾಯದ ಮುಂಭಾಗದ ಜೊತೆ ಆರ್‌ಪಿಜಿ ರಾಕೆಟ್ ಲಾಂಚರ್ ಹೋರಾಟ. ಆರ್‌ಪಿಜಿ ಮೊದಲು ಸ್ಕ್ರೂಗಳಿಗೆ, ಯಂತ್ರ ನಿಂತ ಗಳಿಗೆಯಲ್ಲಿ ಮೇಲೆ ನಿಂತ ಶತ್ರು ಕರ್ನಲ್ ವೋಲ್ಗಿನ್‌ಗೆ. ಓಡುತ್ತಿರುವಾಗಲೇ ವೋಲ್ಗಿನ್‌ಗೆ ಹೊಡೆಯಲು ನೋಡಿದರೆ ರಾಕೆಟ್ ಖಾಲಿಯಾಗುತ್ತದೆ, ಬೇರೇನೂ ಆಗುವುದಿಲ್ಲ. ಸೇತುವೆಯ ಹೊತ್ತಿಗೆ ಕೈ ನಡುಗಿದರೆ ನಡುಕ ನಿಲ್ಲಿಸುವ ಮದ್ದು ಪೆಂಟಜೆಮಿನ್. ನಡುಕಕ್ಕೆ ನಿಜವಾದ ಕಾರಣ ಸ್ಟ್ಯಾಮಿನಾ ಇಳಿದಿರುವುದು, ಹಾಗಾಗಿ ಬೈಕ್ ಹತ್ತುವ ಮೊದಲೇ ಸ್ನೇಕ್‌ಗೆ ಹೊಟ್ಟೆ ತುಂಬ ತಿನ್ನಿಸಿ, ಗಾಯಕ್ಕೆ ಮದ್ದು ಹಚ್ಚಿ.

ಸಾಲಿಡ್ 2 ಮತ್ತು 3 ಇಲ್ಲಿ ಬಂದಿರುವುದು 2011ರಲ್ಲಿ ಬ್ಲೂಪಾಯಿಂಟ್ ಮಾಡಿದ್ದ ಎಚ್‌ಡಿ ಆವೃತ್ತಿಯಿಂದ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್. ಶಾಗೋಹಾಡ್ ಓಟಕ್ಕೆ ಅದು ದೊಡ್ಡ ಲಾಭ, ಪಿಎಸ್2ರಲ್ಲಿ ಆ ಭಾಗ ಏದುಸಿರು ಬಿಡುತ್ತಿತ್ತು. ಆದರೆ ಬಿಡುಗಡೆಯಾದಾಗ ಇವು 1080ಪಿಯಲ್ಲೇ ನಿಂತಿದ್ದವು, ಪಿಸಿಯಲ್ಲಿ ಗ್ರಾಫಿಕ್ಸ್ ಆಯ್ಕೆಗಳೇ ಇರಲಿಲ್ಲ. ಅಪ್‌ಡೇಟ್‌ಗಳು ಬಂದು ಕೆಲವು ಸರಿಯಾದವು. ಹನ್ನೆರಡು ವರ್ಷ ಹಿಂದಿನ ಕೆಲಸವನ್ನೇ ತಂದಿಟ್ಟು ಮಾಸ್ಟರ್ ಎಂದು ಕರೆದದ್ದು ಅತಿಯಾಯಿತು. ಪಿಎಸ್2ರ ಬಟನ್‌ಗಳಿಗೆ ಒತ್ತಡದ ಅಳತೆ ತಿಳಿಯುತ್ತಿತ್ತು, ಮೆಲ್ಲನೆ ಬಿಟ್ಟರೆ ಬಂದೂಕು ಕೆಳಗಿಳಿಯುತ್ತಿತ್ತು. ಈಗಿನ ಕಂಟ್ರೋಲರ್‌ಗಳಲ್ಲಿ ಅದು ಇಲ್ಲ, ಬದಲಿ ಬಟನ್ ಜೋಡಿಗಳಿಗೆ ಬೆರಳು ಹೊಂದಲು ಸಮಯ ಬೇಕು. ಅದೃಷ್ಟಕ್ಕೆ ರೋಬೋಟ್ ಹೋರಾಟಗಳಲ್ಲಿ ಇದರಿಂದ ತೊಂದರೆ ಕಡಿಮೆ, ಅಲ್ಲಿ ಯಾರೂ ಮೆಲ್ಲನೆ ಬಿಡುವುದಿಲ್ಲ.

ಸಿಗದೇ ಇರುವುದನ್ನೂ ಹೇಳಬೇಕು. ರೆಕ್ಸ್ ಒಳಗೆ ನಾವೇ ಕೂತು ರೇ ಜೊತೆ ಗುದ್ದಾಡುವ ಭಾಗ 2008ರ ಸಾಲಿಡ್ 4ರದ್ದು, ಈ ಸಂಪುಟದಲ್ಲಿಲ್ಲ. ಪೀಸ್ ವಾಕರ್ ಇಲ್ಲ, ಐದನೆಯದರ ಸಹೆಲಾಂತ್ರೊಪಸ್ ಇಲ್ಲ. ದೈತ್ಯರ ಅರ್ಧ ವಂಶವೇ ಹೊರಗೆ.

ಕೊಳ್ಳುವ ವಿಷಯ. ಪ್ರತಿ ಆಟವೂ ಬೇರೆ ಬೇರೆಯಾಗಿ ಡೌನ್‌ಲೋಡ್ ಆಗುತ್ತದೆ, ಸಾಲಿಡ್‌ಗೆ ಭಾಷೆಯ ಪ್ಯಾಕ್ ಮತ್ತೆ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿಯುವ ಊರಿನಲ್ಲಿ ಇದ್ದೀರಾದರೆ ನೆಟ್ ಸರಿ ಇರುವಾಗಲೇ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ. ಪಿಎಸ್4ಗೆ ಡಿಸ್ಕ್ ಬಂದೇ ಇಲ್ಲ, ಡಿಜಿಟಲ್ ಮಾತ್ರ. ಆಡಿ ಮುಗಿಸಿ ಮಾರುವ ಲೆಕ್ಕ ಇಟ್ಟುಕೊಂಡವರಿಗೆ ಆ ದಾರಿ ಇಲ್ಲ. ಪೂರ್ತಿ ಕಂತೆಯ ಬದಲು ಬಿಡಿಬಿಡಿಯಾಗಿಯೂ ಸಿಗುತ್ತದೆ. ಬರೀ ರೋಬೋಟಿಗಾಗಿ ಕೊಳ್ಳುವುದಾದರೆ ಸಾಲಿಡ್ ಮತ್ತು ಸಾಲಿಡ್ 3 ಸಾಕು, ಸೇಲ್ ಬಂದಾಗ ಸಾಲಿಡ್ 2 ಸೇರಿಸಿಕೊಳ್ಳಿ.

ಸ್ವಿಚ್‌ನಲ್ಲಿ 2 ಮತ್ತು 3 ಎರಡೂ 30 ಫ್ರೇಮ್. ಮನೆಯಲ್ಲಿ ಬೇರೆ ಯಂತ್ರ ಇದ್ದವರು ಅದನ್ನು ಮುಟ್ಟಬೇಕಾಗಿಲ್ಲ. ಆದರೆ ದಿನಾ ಮಂಗಳೂರು–ಉಡುಪಿ ಓಡಾಡುವವರಿಗೆ ಸ್ವಿಚ್ ಆವೃತ್ತಿಯ ಎಂಎಸ್‌ಎಕ್ಸ್ ಆಟಗಳು ಚೆನ್ನಾಗಿ ಹೊಂದುತ್ತವೆ. ಚಿತ್ರ ಸರಳ, ಬಟನ್ ಕಡಿಮೆ, ಟಿಎಕ್ಸ್-55 ಎಲ್ಲಿಗೂ ಓಡಿಹೋಗುವುದಿಲ್ಲ. ರೆಕ್ಸನ್ನು ಮಾತ್ರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಎದುರಿಸಬೇಡಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಬಸ್ಸಿನ ಡ್ರೈವರ್ ಮೂಲ್ಕಿ ಮುಟ್ಟುವಷ್ಟರಲ್ಲಿ ಹಾಕುವ ಬ್ರೇಕುಗಳ ನಡುವೆ ಆ ರೇಡೋಮ್ ಮೇಲೆ ಸ್ಟಿಂಗರ್ ನಿಲ್ಲುವುದೇ ಇಲ್ಲ.